ಪಟ್ಟದ ಬೊಂಬೆಗಳ ದ್ವೀಪಯಾತ್ರೆ

ನಮ್ಮ ಮನೆಯಲ್ಲಿ ದ್ವೀಪದ ಮಾತು ಎತ್ತಿದವಳು ಮಗಳು. ಅದನ್ನು ಅಲ್ಲಿಗೇ ಮುಗಿಸಲು ನೋಡಿದವಳು ಅಮ್ಮ. "ದ್ವೀಪ ನೋಡಲು ವಿಮಾನ ಏತಕ್ಕೆ? ಶ್ರೀರಂಗಪಟ್ಟಣ ದ್ವೀಪ, ಶಿವನಸಮುದ್ರ ದ್ವೀಪ, ಆ ಕಡೆ ಶ್ರೀರಂಗವೂ ದ್ವೀಪ. ಆದಿರಂಗ, ಮಧ್ಯರಂಗ, ಅಂತ್ಯರಂಗ, ಮೂವರ ಸುತ್ತಲೂ ಕಾವೇರಿಯೇ. ದರ್ಶನದ ಜೊತೆಗೆ ಪ್ರಸಾದವೂ ಸಿಗುತ್ತದೆ."

ವಾದವೇನೋ ಗಟ್ಟಿಯಾಗಿತ್ತು. ಆದರೆ ಮಗಳಿಗೆ ಬೇಕಾಗಿದ್ದದ್ದು ಸುತ್ತ ಉಪ್ಪುನೀರು, ನೀರಿನೊಳಗೆ ಹವಳ ಇರುವ ದ್ವೀಪ. ಅಂಡಮಾನ್ ಎಂದು ತೀರ್ಮಾನವಾಯಿತು. ಮಕ್ಕಳಿಗೂ ನನಗೂ ಒಟ್ಟಿಗೆ ರಜೆ ಸಿಗುವುದು ದಸರೆಯಲ್ಲಿ ಮಾತ್ರ. ಸಂಕಟ ಶುರುವಾದದ್ದೇ ಅಲ್ಲಿ.

ಇಡೀ ನಾಡು ಮೈಸೂರಿನ ಕಡೆ ಮುಖ ಮಾಡುವ ಹೊತ್ತಿನಲ್ಲಿ ಮೈಸೂರಿನವನು ಬೆನ್ನು ತೋರಿಸಿ ಹೊರಟರೆ ನೆಂಟರು ಸುಮ್ಮನಿರುತ್ತಾರೆಯೇ? ಮಂಡ್ಯದಿಂದ ಚಿಕ್ಕಮ್ಮ ಫೋನ್ ಮಾಡಿದರು. "ಹಾಗಾದರೆ ನಾವು ಎಲ್ಲಿ ಇಳಿದುಕೊಳ್ಳುವುದಪ್ಪಾ?" ನಾನು ಉತ್ತರ ಹುಡುಕುತ್ತಿರುವಾಗಲೇ ಅವರಿಗೆ ಅದು ಸಿಕ್ಕಿಬಿಟ್ಟಿತು. "ಹೋಗಲಿ ಬಿಡು, ಬೇಜಾರು ಮಾಡಿಕೊಳ್ಳಬೇಡ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗು."

ಅಮ್ಮನದು ಬೇರೆಯದೇ ಷರತ್ತು. ನವರಾತ್ರಿಯಲ್ಲಿ ಬೊಂಬೆ ಕೂರಿಸದೆ ಅವಳು ಇರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಅಷ್ಟೂ ಬೊಂಬೆಗಳನ್ನು ಬಿಟ್ಟರೂ ಬಿಟ್ಟಾಳು, ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಬೊಂಬೆಗಳನ್ನು ಮಾತ್ರ ಬಿಡುವಂತಿಲ್ಲ. ಹೀಗಾಗಿ ರಾಜ, ರಾಣಿ ಇಬ್ಬರೂ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ನನ್ನ ಸೂಟ್‌ಕೇಸಿನಲ್ಲಿ ಮಲಗಿದರು. ನನ್ನ ಈಜುಡುಗೆ ಮನೆಯಲ್ಲೇ ಉಳಿಯಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನಗೆ ಭಯವಿದ್ದದ್ದು ಈ ದಂಪತಿಗಳದೇ. ಅವರು ರಕ್ತಚಂದನದ ಮರದವರು. ಹೆಂಡತಿ ಕಿವಿಯಲ್ಲಿ ಉಸುರಿದಳು: "ಅತ್ತೆ, ರಕ್ತಚಂದನ ಎಂಬ ಮಾತನ್ನು ಮಾತ್ರ ಇಲ್ಲಿ ಎತ್ತಬೇಡಿ." ಆದರೆ ತಪಾಸಣೆಯವರು ರಾಜರಾಣಿಯರನ್ನು ನೋಡಿ ಮುಗುಳ್ನಕ್ಕು ಬಿಟ್ಟರು. ಅವರ ಕೈಗೆ ಸಿಕ್ಕಿಬಿದ್ದದ್ದು ಕೊಬ್ಬರಿ. ಅದರಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಆದ್ದರಿಂದ ವಿಮಾನದಲ್ಲಿ ನಿಷಿದ್ಧ ಎಂದು ಸಿಬ್ಬಂದಿ ಬಹಳ ವಿನಯದಿಂದ ತಿಳಿಸಿದರು. ನಿಯಮ ನಿಜವೇ. ಅಮ್ಮ ಒಪ್ಪಬೇಕಲ್ಲ! "ಐವತ್ತು ವರ್ಷದಿಂದ ಒಲೆಯ ಪಕ್ಕದ ಡಬ್ಬದಲ್ಲೇ ಇದೆ. ಒಂದು ದಿನವಾದರೂ ಹೊಗೆಯಾಡಿದ್ದನ್ನು ನಾನು ಕಾಣೆ." ಕಡೆಗೆ ಒಂದು ಗಿಟುಕನ್ನು ಅಲ್ಲೇ ಒಡೆದು ನಮ್ಮೆಲ್ಲರ ಕೈಗೆ ಹಂಚಿದಳು. ಸಿಬ್ಬಂದಿಗೂ ನೀಡಿದಳು, ಅವರು ತೆಗೆದುಕೊಳ್ಳಲಿಲ್ಲ. ನಮ್ಮ ಕುಟುಂಬ ಕೊಬ್ಬರಿ ಅಗಿಯುತ್ತಲೇ ವಿಮಾನ ಹತ್ತಿತು.

ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಎಂದು ಹೆಸರು. ಅಲ್ಲಿಂದ ಮುಂದೆ ಸ್ವರಾಜ್ ದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕು. ನಾವು ಹೊರಟದ್ದು ಸೋಮವಾರ, ಹಡಗು ಬಿಡುವುದು ಎಂಟು ಗಂಟೆಯ ಮೇಲೆ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಅಮ್ಮ ಜೆಟ್ಟಿಯಲ್ಲಿ ಕುಳಿತೇಬಿಟ್ಟಳು. ಆಗ ಕೈಹಿಡಿದವನು ಮಗ. "ಅಜ್ಜೀ, ನಮ್ಮ ಮೈಸೂರು 76 ಡಿಗ್ರಿ ರೇಖಾಂಶದ ಆಚೆ ಇದೆ, ಈ ಊರು 92ರ ಆಚೆ. ಡಿಗ್ರಿಗೆ 4 ನಿಮಿಷ. ಇಲ್ಲಿ ಸೂರ್ಯ ಒಂದು ಗಂಟೆ ಮೊದಲೇ ಹುಟ್ಟುತ್ತಾನೆ. ರಾಹುವೂ ಮೊದಲೇ ಬಂದು ಹೋಗಿರಬೇಕಲ್ಲವೇ?" ಅಮ್ಮ ಸ್ವಲ್ಪ ಯೋಚಿಸಿ ಎದ್ದು ನಿಂತಳು. ಶಾಲೆಯ ಭೂಗೋಳ ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಬಾರಿ. ಹೀಗೆ ಪಾಂಡಿತ್ಯ ಮೆರೆದವನು ಹಡಗು ಅಲುಗಿದ ಮೇಲೆ ತಲೆ ಎತ್ತಲಿಲ್ಲ, ಕಾಗದದ ಚೀಲ ಕೈಬಿಡಲಿಲ್ಲ. ಅವನ ಅಜ್ಜಿ ನಿಂಬೆಹಣ್ಣು ಮೂಸುತ್ತಾ ಆರಾಮವಾಗಿ ಕುಳಿತಿದ್ದಳು.

ಸಮುದ್ರದ ನಡುವೆ ಸಿಗ್ನಲ್ ಇರಲಿಲ್ಲ. ಆಚೆ ದಡ ಮುಟ್ಟುತ್ತಲೇ ಮೊಬೈಲ್ ಎಡೆಬಿಡದೆ ಹೊಡೆದುಕೊಂಡಿತು. ಎಲ್ಲವೂ ಚಿಕ್ಕಮ್ಮನ ಕರೆಗಳೇ. ಮೈಸೂರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದಿದೆ, ಹುಡುಗ ಗೇಟಿನಲ್ಲಿ ಕಾದು ನಿಂತಿದ್ದಾನೆ, ಒಟಿಪಿ ನನ್ನ ಮೊಬೈಲಿಗೆ ಬಂದಿದೆ. "ಅಲ್ಲಪ್ಪಾ, ಮನೆಯಲ್ಲಿ ಇಷ್ಟು ಜನ ಇದ್ದೇವೆ, ನೀನು ಹೋಗಿ ಸಮುದ್ರದಲ್ಲಿ ಕೂತರೆ ಹೇಗೆ?" ಎಂದು ಅವರು ಗದರಿದರು. ಅಂದಿನಿಂದ ಸಂಪಿನ ಮೋಟರಿನ ಸ್ವಿಚ್ಚು, ಗೀಸರಿನ ನಖರಾ, ತೊಗರಿಬೇಳೆಯ ಡಬ್ಬ, ಇವೆಲ್ಲದರ ವಿಚಾರಣೆ ನಾನು ಹವಳ ನೋಡುವ ಹೊತ್ತಿಗೇ ಸರಿಯಾಗಿ ಬರುತ್ತಿತ್ತು.

ಸ್ವರಾಜ್ ದ್ವೀಪದ ಊರುಗಳ ಹೆಸರು ಕೇಳಿ: ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ. ನಮ್ಮ ಹೋಟೆಲ್ ಇದ್ದದ್ದು ವಿಜಯನಗರದಲ್ಲಿ. "ವಿಜಯನಗರಕ್ಕೆ ಕುವೆಂಪುನಗರದಿಂದ ಆಟೊ ಸಾಕಿತ್ತು" ಎಂದಳು ಹೆಂಡತಿ. ಹಣ ಕಟ್ಟಿದವನಾದ್ದರಿಂದ ನನಗೆ ನಗು ಬರಲಿಲ್ಲ.

ರಾಧಾನಗರದ ಕಡಲತೀರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮ ಎಂದಿತ್ತು. ಅಲ್ಲಿ ಸೂರ್ಯಾಸ್ತ ನೋಡಲೇಬೇಕು ಎಂದು ಎಲ್ಲರೂ ಹೇಳಿದರು. ನಮ್ಮವರು ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಕಾಫಿ ಕುಡಿದು, ತಲೆ ಬಾಚಿಕೊಂಡು ಐದೂವರೆಗೆ ಅಲ್ಲಿ ಇಳಿದರು. ಆ ದ್ವೀಪದ ಸೂರ್ಯ ಐದೂಕಾಲಿಗೇ ಕೆಲಸ ಮುಗಿಸಿ ಹೋಗಿದ್ದ. ಏಷ್ಯಾದ ಅತ್ಯುತ್ತಮ ಕಡಲತೀರವನ್ನು ನಾವು ನೋಡಿದ್ದು ಮೊಬೈಲ್ ಟಾರ್ಚಿನಲ್ಲಿ, ಹೊರಡಿ ಹೊರಡಿ ಎಂದು ಕಾವಲುಗಾರ ಊದುತ್ತಿದ್ದ ಸೀಟಿಯ ಹಿನ್ನೆಲೆಯಲ್ಲಿ. ಮರಳು ಮೆತ್ತಗಿತ್ತು. ಅಷ್ಟು ಹೇಳಬಲ್ಲೆ.

ಹೋಟೆಲ್ ಕೋಣೆಯಲ್ಲಿ ಕನ್ನಡಿಯ ಮುಂದಿನ ಮೇಜಿನ ಮೇಲೆ ರಾಜರಾಣಿಯರು ಪಟ್ಟಕ್ಕೆ ಕೂತರು. ದಿನವೂ ನೈವೇದ್ಯ ಆಗಬೇಕು. ಕಾಫಿಗೆಂದು ಇಟ್ಟಿದ್ದ ವಿದ್ಯುತ್ ಕೆಟಲಿನಲ್ಲಿ ಅಮ್ಮ ನೆನೆಸಿದ ಕಡಲೆಕಾಳು ಹಾಕಿದಳು. ಕೆಟಲು ನೀರು ಕುದಿದ ಕೂಡಲೇ ತಾನೇ ಆರಿಹೋಗುವ ಜಾತಿ, ಕಡಲೆಕಾಳೋ ಅಷ್ಟಕ್ಕೆಲ್ಲ ಬೇಯುವ ಜಾತಿಯಲ್ಲ. ಮತ್ತೆ ಮತ್ತೆ ಸ್ವಿಚ್ ಒತ್ತಲು ಮಗನ ನೇಮಕವಾಯಿತು. ಉಸಲಿಗೆ ಇಂಗು ಬಿತ್ತು. ಆ ಕೋಣೆಗೆ ನಮ್ಮ ನಂತರ ಬಂದವರು ಕಾಫಿ ಮಾಡಿಕೊಂಡಿದ್ದರೆ ಅವರ ಕ್ಷಮೆ ಕೋರುತ್ತೇನೆ. ಕೋಣೆ ಗುಡಿಸಲು ಬರುತ್ತಿದ್ದ ಬಂಗಾಳಿ ಹೆಂಗಸು ಬೊಂಬೆಗಳನ್ನು ಕಂಡು ಕೈಮುಗಿದಳು. ಅವರಿಗೂ ದುರ್ಗಾಪೂಜೆಯ ಸಮಯ. ಮರುದಿನ ದಾಸವಾಳ ತಂದಳು, ಅಮ್ಮ ಉಸಲಿ ಕೊಟ್ಟಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅರ್ಧ ಗಂಟೆ ಸೊಸೆಯರ ವಿಷಯ ಮಾತಾಡಿದರೆಂದು ನನ್ನ ಹೆಂಡತಿಗೆ ಖಚಿತವಾಗಿ ಗೊತ್ತಾಯಿತು.

ವಿಜಯದಶಮಿಯ ಸಂಜೆ ಮೊಬೈಲಿನಲ್ಲಿ ಜಂಬೂಸವಾರಿ ಹಾಕಿದೆವು. ಚೆನ್ನೈಯಿಂದ ಅಂಡಮಾನಿಗೆ ಸಮುದ್ರದಡಿ ಸುಮಾರು 2,300 ಕಿಲೋಮೀಟರ್ ಉದ್ದದ ಕೇಬಲ್ ಹಾಕಿ 2020ರಲ್ಲಿ ಉದ್ಘಾಟಿಸಿದ್ದಾರೆ. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಹೋಟೆಲಿನ ವೈಫೈವರೆಗೂ ಬಂದು ಎರಡು ಹೆಜ್ಜೆಗೊಮ್ಮೆ ನಿಂತುಬಿಡುತ್ತಿತ್ತು. ನಮ್ಮ ಕಿಟಕಿಯಾಚೆ ಕಗ್ಗತ್ತಲು, ಅರಮನೆಯ ಮುಂದೆ ಇನ್ನೂ ಬಿಸಿಲು. "ಇದು ಹೋದ ವರ್ಷದ್ದು" ಎಂದು ಅಮ್ಮ ಘೋಷಿಸಿದಳು. ಈ ಬಾರಿ ರೇಖಾಂಶ ನಡೆಯಲಿಲ್ಲ. ಸಾಕ್ಷಿಗೆ ಚಿಕ್ಕಮ್ಮನಿಗೇ ಫೋನ್ ಹಚ್ಚಿದೆ. "ಬಿಸಿಲು ಇದೆಯಪ್ಪಾ, ಚೆನ್ನಾಗಿ ಕಾಣುತ್ತಿದೆ" ಎಂದರು. "ಎಲ್ಲಿ ನಿಂತಿದ್ದೀರಿ, ಸಯ್ಯಾಜಿರಾವ್ ರಸ್ತೆಯಲ್ಲೇ?" ಎಂದೆ. "ಆ ನೂಕುನುಗ್ಗಲಿಗೆ ಯಾರು ಹೋಗುತ್ತಾರೆ? ನಿಮ್ಮ ಟಿವಿಯಲ್ಲೇ ನೋಡುತ್ತಿದ್ದೇವೆ."

ಊರಿಗೆ ಮರಳಿ ಗೇಟು ತೆಗೆದಾಗ ಬಾಗಿಲಿಗೆ ಬಂದವರು ಚಿಕ್ಕಮ್ಮ. "ಅಯ್ಯೋ, ಇವತ್ತೇ ಬಂದಿರಾ? ನಾಳೆ ಎಂದುಕೊಂಡಿದ್ದೆವು. ಇರಲಿ, ಕೈಕಾಲು ತೊಳೆದು ಕೂತುಕೊಳ್ಳಿ, ಸಂಕೋಚ ಪಡಬೇಡಿ." ಕಾಫಿ ಬಂತು. ಮಲಗಲು ನಮಗೆ ನಡುಮನೆಯಲ್ಲಿ ಚಾಪೆ ಹಾಸಿಸಿದರು. ಊರಿಗೆ ಯಾವಾಗ ಪ್ರಯಾಣ ಎಂದು ಹೆಂಡತಿ ಆದಷ್ಟು ನಯವಾಗಿ ವಿಚಾರಿಸಿದಳು.

"ಎಕ್ಸಿಬಿಷನ್ ಇನ್ನೂ ನೋಡಿಲ್ಲವಲ್ಲಮ್ಮಾ" ಎಂದರು ಚಿಕ್ಕಮ್ಮ.

ದಸರಾ ವಸ್ತುಪ್ರದರ್ಶನ ಸುಮಾರು ಮೂರು ತಿಂಗಳು ನಡೆಯುತ್ತದೆ.