ಹತ್ತು ನಿಮಿಷ ಯಾರೂ ಸ್ವಿಚ್ ಮುಟ್ಟಬೇಡಿ

ನಮ್ಮ ಕಲಬುರಗಿಯಲ್ಲಿ ಕೈಕೊಟ್ಟ ಯಂತ್ರಕ್ಕೆಲ್ಲ ಮದ್ದು ಒಂದೇ: ಬಂದ್ ಮಾಡಿ ಚಾಲೂ ಮಾಡುವುದು. ಸೆಟ್‌ಟಾಪ್ ಬಾಕ್ಸ್ ಮುನಿಸಿಕೊಂಡರೂ ಇದೇ, ಕೂಲರ್ ಬಿಸಿಗಾಳಿ ಊದಿದರೂ ಇದೇ, ಬೋರ್‌ವೆಲ್ ಮೋಟಾರು ನೀರೆತ್ತದಿದ್ದರೂ ಇದೇ. ಮದ್ದಿನ ಖರ್ಚು ಸೊನ್ನೆ, ಗುಣವೂ ಅಷ್ಟಿಷ್ಟು ಕಾಣುತ್ತದೆ. ಅದೇ ಮದ್ದು ಪ್ರಾಣಕ್ಕೆ ಎರವಾಗುವ ಒಂದು ಸಂದರ್ಭವಿದೆ. ಅದು ಲ್ಯಾಪ್‌ಟಾಪಿನ ಬಯಾಸ್ ಅಪ್‌ಡೇಟ್. ಇದನ್ನು ಮನೆಮಂದಿಗೆ ತಿಳಿಸಿ ಹೇಳುವ ಕೆಲಸಕ್ಕಿಂತ ಅಪ್‌ಡೇಟ್ ಮಾಡುವುದೇ ಸುಲಭ.

ಬಯಾಸ್ ಎಂದರೆ, ಪವರ್ ಬಟನ್ ಒತ್ತಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು, ಮೆಮೊರಿ, ಕೀಲಿಮಣೆ, ಡಿಸ್ಕುಗಳ ಹಾಜರಿ ತೆಗೆದುಕೊಂಡು, ಆಮೇಲೆ ವಿಂಡೋಸನ್ನು ಕರೆಯುವ ತಂತ್ರಾಂಶ. ಅದರ ವಾಸ ಡಿಸ್ಕಿನಲ್ಲಲ್ಲ. ಮದರ್‌ಬೋರ್ಡಿನ ಮೇಲೆ ಕುಳಿತ, ಹೆಚ್ಚುಕಡಿಮೆ ತೊಗರಿ ಕಾಳಿನಷ್ಟು ದೊಡ್ಡದಾದ ಚಿಪ್ಪಿನಲ್ಲಿ. ಅಪ್‌ಡೇಟ್ ಎಂದರೆ ಅಲ್ಲಿರುವುದನ್ನು ಅಳಿಸಿ ಹೊಸದನ್ನು ಬರೆಯುವುದು. ಅಳಿಸಿಯಾಯಿತು, ಬರೆದಿನ್ನೂ ಮುಗಿದಿಲ್ಲ, ಅಷ್ಟರಲ್ಲಿ ವಿದ್ಯುತ್ ಹೋಯಿತು ಎನ್ನಿ. ವಿಂಡೋಸ್ ಕೆಟ್ಟಿದ್ದರೆ ಪೆನ್‌ಡ್ರೈವ್ ಹಾಕಿ ಮತ್ತೆ ಕೂರಿಸಬಹುದಿತ್ತು. ಆದರೆ ಪೆನ್‌ಡ್ರೈವ್ ಬಂದಿದೆ ಎಂದು ಗುರುತಿಸಬೇಕಾದದ್ದೇ ಬಯಾಸ್! ಈಚಿನ ಕೆಲವು ಲ್ಯಾಪ್‌ಟಾಪುಗಳು ಇಂಥ ಗಳಿಗೆಗೆಂದು ಇನ್ನೊಂದು ಪ್ರತಿಯನ್ನು ಬಚ್ಚಿಟ್ಟುಕೊಂಡಿರುತ್ತವೆ. ಉಳಿದವುಗಳ ಹಿಂಬದಿ ಬಿಚ್ಚಿ, ಚಿಪ್ಪಿಗೆ ಕ್ಲಿಪ್ ಕಚ್ಚಿಸಿ, ಹೊರಗಿನಿಂದ ಬರೆಯಬೇಕು.

ನಮ್ಮ ಓಣಿಯ ರಿಪೇರಿ ಹುಡುಗ ಆ ಕೆಲಸದಲ್ಲಿ ಪಳಗಿದವನು. ಅವನ ಉಪದೇಶ, "ನಡೆಯುತ್ತಿರುವುದನ್ನು ಯಾಕೆ ಮುಟ್ಟುತ್ತೀರಿ ಸರ್?" ಇದು ಅರ್ಧ ಸತ್ಯ. ಬಯಾಸನ್ನು ಮುಟ್ಟುವವರು ನಾವಷ್ಟೇ ಅಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಹಲವು ದೇಶಗಳ ಕಂಪ್ಯೂಟರುಗಳ ಬಯಾಸ್ ಚಿಪ್ಪಿಗೇ ಕಸ ತುಂಬಿತು. ಚಾಲೂ ಆಗುವಾಗ ಪರದೆಯ ನಡುವೆ ಮೂಡುವ ಕಂಪನಿಯ ಲಾಂಛನವಿದೆಯಲ್ಲ, ಆ ಜಾಗದಲ್ಲಿ ಕುತಂತ್ರದ ಚಿತ್ರವನ್ನಿಟ್ಟು ಒಳನುಸುಳಬಹುದೆಂದು 2023ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಇಂಥ ತೂತುಗಳನ್ನು ಮುಚ್ಚಲು ಅಪ್‌ಡೇಟ್ ಬೇಕೇ ಬೇಕು. ನನ್ನ ಪರದೆಯ ಮೂಲೆಯಲ್ಲಿ ಬಂದು ಕುಳಿತಿದ್ದ ಸೂಚನೆಯಲ್ಲೂ ಕೆಂಪಕ್ಷರದಲ್ಲಿ ‘ತುರ್ತು’ ಎಂದೇ ಇತ್ತು.

ಚಾರ್ಜರ್ ಸಿಕ್ಕಿಸಿರಬೇಕು, ಬ್ಯಾಟರಿಯೂ ತುಂಬಿರಬೇಕು, ನಡುವೆ ಬಂದ್ ಮಾಡಕೂಡದು ಎಂಬುದು ಸೂಚನೆಯ ಸಾರ. ಇದನ್ನು ಬರೆದವರು ಮೇ ತಿಂಗಳಿನಲ್ಲಿ ಕಲಬುರಗಿಗೆ ಬಂದಿರಲಾರರು. ಮಧ್ಯಾಹ್ನ ಕಾದ ಮಾಳಿಗೆ, ಸಂಜೆ ಧೂಳು ಗಾಳಿ, ಗಾಳಿ ಎದ್ದ ಕೂಡಲೇ ಮಾಯವಾಗುವ ಕರೆಂಟು. ಬೆಳಗ್ಗೆ ಕೂಲರಿಗೆ ನೀರು ತುಂಬುವ ಗಡಿಬಿಡಿ. ಕೊನೆಗೆ ಭಾನುವಾರ ಸಂಜೆ ನಾಲ್ಕೂವರೆ ಎಂದು ನಿಶ್ಚಯಿಸಿದೆ. "ಆಗ ರಾಹುಕಾಲ ಶುರುವಾಗುತ್ತದೆ ತಮ್ಮಾ" ಎಂದಳು ಅವ್ವ. ಹಿಂದಕ್ಕೆ ಸರಿದು ನಾಲ್ಕಕ್ಕೇ ಕುಳಿತೆ.

ಪರದೆ ಕಪ್ಪಾಯಿತು. ಸಣ್ಣ ಬಿಳಿ ಗೆರೆಯೊಂದು ಎಡದಿಂದ ಬಲಕ್ಕೆ ತೆವಳಿ ನಡುವಿನಲ್ಲಿ ನಿಂತುಬಿಟ್ಟಿತು. ಒಳಗಿನ ಫ್ಯಾನು ಎಂದೂ ಇಲ್ಲದ ರಭಸದಲ್ಲಿ ಹೊಯ್ಯೆಂದು ಕೂಗತೊಡಗಿತು. ಬಯಾಸ್ ಬರೆಯುವಾಗ ಹೀಗಾಗುವುದು ಸಹಜ. ಪರದೆ ಆರಿ, ತಾನೇ ಒಂದೆರಡು ಸಲ ಮರುಚಾಲನೆಗೊಳ್ಳುವುದೂ ಸಹಜ. ಆದರೆ ನೋಡುವವರಿಗೆ ಅದು ಕಡೆಗಾಲದ ಉಸಿರಿನಂತೆಯೇ ಕೇಳುತ್ತದೆ. ಚಿತ್ತಾಪುರದಿಂದ ಬಂದಿದ್ದ ನನ್ನ ಮಾವನವರು, ನಿವೃತ್ತ ಗಣಿತ ಮೇಷ್ಟ್ರು, ಕನ್ನಡಕ ಏರಿಸಿಕೊಂಡು ಬಾಗಿ ನೋಡಿ, "ಅಳಿಯಂದಿರೇ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿರಲ್ಲ" ಎಂದು ಬೆರಳನ್ನು ಬಟನ್ ಹತ್ತಿರಕ್ಕೇ ತಂದರು. ಹಿರಿಯರ ಕೈ ಹಿಡಿದು ತಡೆಯುವುದು ಮರ್ಯಾದೆಯಲ್ಲ. ಲ್ಯಾಪ್‌ಟಾಪಿನ ಮೇಲೆಯೇ ಬಾಗಿ ಅಡ್ಡ ನಿಂತೆ. ಅದೇ ಹೊತ್ತಿಗೆ ಅವ್ವ ಶೇಂಗಾ ಹಿಂಡಿಗೆಂದು ಮಿಕ್ಸಿ ಹಿಡಿದು ಬಂದು, ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಯಾವ ಪ್ಲಗ್ ಕೀಳಲಿ ಎಂದು ಹುಡುಕುತ್ತಿದ್ದಳು. "ಅದಲ್ಲ ಅತ್ತೀ!" ಎಂದು ನನ್ನ ಹೆಂಡತಿ ಕೂಗಿದ್ದಕ್ಕೆ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಬ್ಯಾಟರಿ ತುಂಬಿರಲಿ ಎನ್ನುವುದು ಇದಕ್ಕೇ. ಗೆರೆ ಕದಲಿತು, ತುದಿ ಮುಟ್ಟಿತು.

ನಿಟ್ಟುಸಿರು ಬಿಡುವ ಮೊದಲೇ ನೀಲಿ ಪರದೆ ಮೂಡಿ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರಿನ 48 ಅಂಕಿಗಳ ಕೀಲಿ ಕೇಳಿತು. ಬಯಾಸ್ ಬದಲಾದರೆ, ಯಾರೋ ಕೈಯಾಡಿಸಿದ್ದಾರೆ ಎಂಬ ಗುಮಾನಿಯಿಂದ ಡಿಸ್ಕು ಬಾಗಿಲು ಹಾಕಿಕೊಳ್ಳುವುದುಂಟು. ಆ ಕಾವಲನ್ನು ಮೊದಲೇ ತಡೆಹಿಡಿಯುವುದು ಕ್ರಮ, ಅದನ್ನು ತಾನೇ ಮಾಡುತ್ತೇನೆಂದು ಅಪ್‌ಡೇಟ್ ಮಾತು ಕೊಟ್ಟಿತ್ತು. ಮಾತು ತಪ್ಪಿತು. ಲ್ಯಾಪ್‌ಟಾಪ್ ಮೊದಲು ನಮ್ಮ ಅಕ್ಕನ ಮಗನದು. ಕೀಲಿ ಇದ್ದದ್ದು ಅವನ ಖಾತೆಯಲ್ಲಿ, ಅವನಿದ್ದದ್ದು ಪುಣೆಯಲ್ಲಿ. ಫೋನ್ ಹಚ್ಚಿದೆ.

"ಬರೆದುಕೊಳ್ಳಿ ಮಾಮಾ" ಎಂದು ಅವನು ಹಿಂದಿಯಲ್ಲಿ ಅಂಕಿಗಳನ್ನು ಜೋಡಿಜೋಡಿಯಾಗಿ ಉದುರಿಸತೊಡಗಿದ. 59ರ ಉನಸಠ್ ಯಾವುದು, 69ರ ಉನಹತ್ತರ್ ಯಾವುದು ಎಂಬ ಗೊಂದಲದಲ್ಲಿ ನನ್ನ ಹೆಂಡತಿ ಯಾವುದೋ ಮದುವೆ ಪತ್ರಿಕೆಯ ಹಿಂದೆ ಗೀಚಿಕೊಂಡಳು. ಅವ್ವ ದೇವರ ಕೋಣೆಯಿಂದ ಧಾವಿಸಿ ಬಂದಳು. "ಫೋನಿನಲ್ಲಿ ಯಾರಿಗೂ ನಂಬರು ಹೇಳಬೇಡಿ, ಕೇಳಬೇಡಿ ಎಂದು ಆ ಫೋನೇ ಬಡಿದುಕೊಳ್ಳುತ್ತದೆ. ಮೊದಲು ಸೈಬರ್ ಕಳ್ಳರ ದೂರಿನ 1930ಕ್ಕೆ ಹಚ್ಚು!" ಆಚೆ ಮಾತಾಡುತ್ತಿರುವವನು ಸ್ವಂತ ಮೊಮ್ಮಗ ಎಂದರೂ ನಂಬಲಿಲ್ಲ. ಈಗ ಧ್ವನಿಯನ್ನೂ ಕದಿಯುತ್ತಾರಂತೆ.

ಕೀಲಿ ಹೊಡೆದರೆ ಒಪ್ಪಲಿಲ್ಲ. ಆಗ ಪುಣೆಯ ಹುಡುಗ ಒಂದು ಗುಟ್ಟು ಹೇಳಿದ: ಆರಾರು ಅಂಕಿಗಳ ಎಂಟು ಗುಂಪುಗಳಿರುತ್ತವೆ, ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಮಾವನವರ ಬೆನ್ನು ನೆಟ್ಟಗಾಯಿತು. ಪತ್ರಿಕೆ, ಪೆನ್ನು ಕಸಿದುಕೊಂಡು, ಮೊಬೈಲಿನ ಕ್ಯಾಲ್ಕುಲೇಟರ್ ಚಾಚಿದ ಮಗಳನ್ನು ದುರುಗುಟ್ಟಿ ನೋಡಿ, ವಧೂವರರ ಹೆಸರಿನ ಪಕ್ಕದ ಖಾಲಿ ಜಾಗದಲ್ಲೆಲ್ಲ ಭಾಗಾಕಾರ ಮಾಡಿದರು. ಐದನೆಯ ಗುಂಪಿನಲ್ಲಿ ಶೇಷ ಉಳಿಯಿತು. ಉನಸಠ್ ಇರಬೇಕಾದಲ್ಲಿ ಉನಹತ್ತರ್ ಕುಳಿತಿತ್ತು. ತಿದ್ದಿದ ಕೂಡಲೇ ವಿಂಡೋಸ್ ತೆರೆದುಕೊಂಡಿತು.

ಕೀಲಿಯನ್ನು ಜೋಪಾನವಾಗಿಡೋಣ ಎಂದು ಪತ್ರಿಕೆ ಹುಡುಕಿದರೆ, ಅವ್ವ ಅದನ್ನು ಆಗಲೇ ಚೂರುಚೂರು ಮಾಡಿ ಬಚ್ಚಲ ಒಲೆಗೆ ಹಾಕಿ ಬಂದಿದ್ದಳು. ನಾನು ಮತ್ತೆ ಪುಣೆಗೆ ಫೋನ್ ಹಚ್ಚಿದರೆ ಮುಗಿಯಿತು, ನೊಂದುಕೊಂಡವರು ಮಾವನವರು. ಎಂಟು ಭಾಗಾಕಾರ, ಅದೂ ಕ್ಯಾಲ್ಕುಲೇಟರ್ ಇಲ್ಲದೆ, ಬೀಗರಿಗೆ ತೋರಿಸಲು ಒಂದೂ ಉಳಿಯಲಿಲ್ಲ.