ಮೊಸರು ಮತ್ತು ಕೆಂಪು ಶಾಯಿ

ನಿನ್ನೆ ಕಾಸರಗೋಡಿನ ಬದಿಯಡ್ಕದಲ್ಲಿ ತಂಗಿ ಮನೆಗೆ ಹೋಗಿದ್ದೆ. ಆರನೇ ಕ್ಲಾಸಿನ ಸೊಸೆ ಮುಖ ಊದಿಸಿಕೊಂಡು ಕೂತಿದ್ದಳು. ಇಂಗ್ಲಿಷ್ ಪರೀಕ್ಷೆಯಲ್ಲಿ 'ಸೆಟ್' ಪದ ಬಳಸಿ ವಾಕ್ಯ ಬರೆಯಲು ಹೇಳಿದ್ದರಂತೆ. ಇವಳು 'ದ ಕರ್ಡ್ ಹ್ಯಾಸ್ ಸೆಟ್' ಅಂತ ಬರೆದಿದ್ದಾಳೆ. ಮೊಸರು ಹೆಪ್ಪುಗಟ್ಟಿದೆ ಅಂತ. ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಟೀಚರ ಷರಾ: 'ಸೆಟ್ ಅಂದರೆ ಗುಂಪು.' ಅಂಕ ಸೊನ್ನೆ.

"ಮಾವ, ನಾನು ಬರೆದದ್ದು ತಪ್ಪಾ?"

ಏನು ಹೇಳಲಿ? ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ ಎರಡನೇ ಆವೃತ್ತಿ ಬಂದದ್ದು 1989ರಲ್ಲಿ, 20 ಸಂಪುಟ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದದ್ದು ಇದೇ ಸೆಟ್. ಬರೀ ಕ್ರಿಯಾಪದಕ್ಕೇ 430ಕ್ಕೂ ಜಾಸ್ತಿ ಅರ್ಥ, ವಿವರಣೆ ಸುಮಾರು 60,000 ಪದ. ಈಗ 'ರನ್' ಅದನ್ನೂ ಹಿಂದೆ ಹಾಕಿದೆ, 645 ಅರ್ಥ. ನಮ್ಮ ಟೀಚರ ಲೆಕ್ಕದಲ್ಲಿ ಒಂದೇ!

ಅದೂ ಯಾವುದು? ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಮೊಸರು ಕೂರುವುದು, ಸೂರ್ಯ ಇಳಿಯುವುದು, ಸಿಮೆಂಟು ಗಟ್ಟಿಯಾಗುವುದು ಎಲ್ಲ ಈ ಹಳೇ ಇಂಗ್ಲಿಷ್ ಮನೆತನದ್ದೇ. ಗುಂಪು ಅನ್ನುವ ಅರ್ಥಕ್ಕೆ ಲ್ಯಾಟಿನ್‌ನ 'ಸೆಕ್ಟಾ' ಫ್ರೆಂಚ್ ದಾರಿಯಲ್ಲಿ ಬಂದು ಕೈಜೋಡಿಸಿದೆ. ನೆಂಟನಿಗೆ ಮಣೆ ಹಾಕಿ ಮನೆಮಗಳನ್ನು ಹೊರಗೆ ನಿಲ್ಲಿಸಿದ ಹಾಗಾಯಿತು, ಅಲ್ವಾ?

ಸ್ವತಃ ಮೇಷ್ಟ್ರಾಗಿರುವ ಗೆಳೆಯನಿಗೆ ಫೋನ್ ಮಾಡಿ ಕೂಗಾಡಿದೆ. "ಮಾರಾಯ, ಅವರಿಗೂ ಉತ್ತರಸೂಚಿ ಇರ್ತದೆ. ಸಣ್ಣ ಮಕ್ಕಳಿಗೆ ಗೊಂದಲ ಆಗಬಾರದಲ್ಲ" ಅಂದ. ಗೊಂದಲವಾ? ಕಾಸರಗೋಡಿನ ಮಕ್ಕಳಿಗಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಇವಳಿಗೆ 'ಪಟ್ಟಿ' ಅಂದರೆ ಹಾಜರಿ ಪಟ್ಟಿ, ಗಾಯದ ಪಟ್ಟಿ, ಬಸ್ ಹತ್ತಿದ ಕೂಡಲೇ ನಾಯಿ. ಒಂದು ದಿನವೂ ನಾಯಿ ಹಿಡಿದುಕೊಂಡು ಹಾಜರಿ ಕರೆದಿಲ್ಲ.

ಸೆಟ್ಟಿಗೇನು ಇಲ್ಲಿ ಬರಗಾಲವಾ? ತೋಟದಲ್ಲಿ ಪಂಪ್‌ಸೆಟ್, ಹೋಟೆಲಲ್ಲಿ ಸೆಟ್ ದೋಸೆ, ಓಣಂಗೆ ಸೆಟ್ ಮುಂಡು, ಅಜ್ಜನ ಹಲ್ಲುಸೆಟ್. ಕೆಲಸ ಸರಿಯಾಯಿತು ಅನ್ನಲಿಕ್ಕೆ ಹುಡುಗರ 'ಸೆಟ್ಟಾಯಿ'. ಕೇರಳದಲ್ಲಿ ಹೈಯರ್ ಸೆಕೆಂಡರಿ ಮೇಷ್ಟ್ರಾಗಬೇಕಾದರೆ ಪಾಸಾಗಬೇಕಾದ ಪರೀಕ್ಷೆಯ ಹೆಸರೇ ಸೆಟ್! ಅದನ್ನೂ ಗುಂಪು ಅಂತಲೇ ಓದಿಕೊಂಡರೆ ನಾನೇನು ಮಾಡಲಿ?

ನನ್ನ ಸಿಟ್ಟಿಗೆ ಬೇರೆ ಕಾರಣವೂ ಇದೆ. ಹೇಳಿಯೇ ಬಿಡುತ್ತೇನೆ. ಹಿಂದೆ ಎರ್ನಾಕುಳಂನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಕೆಲಸಕ್ಕೆ ಸೇರಿದ ವಾರ, ಮೀಟಿಂಗಿಗೆ ಮುಂಚೆ ಸಾಹೇಬರು "ಆಲ್ ಸೆಟ್?" ಅಂದರು, ಎಲ್ಲ ತಯಾರಾ ಅಂತ. ನನ್ನ ಕೈಯಲ್ಲಿ ಜೆರಾಕ್ಸ್ ಕಾಗದ ಇತ್ತು. "ನೋ ಸರ್, ಓನ್ಲಿ ಒನ್ ಸೆಟ್" ಅಂದೆ. ಇಡೀ ಆಫೀಸು ನಕ್ಕಿತು. ಹೊಟ್ಟೆ ನೋವು ಅಂತ ಹೇಳಿ ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ. ನನಗೂ ಶಾಲೆಯಲ್ಲಿ ಸೆಟ್ ಅಂದರೆ ಗುಂಪು ಅಂತಲೇ ಬಾಯಿಪಾಠ ಮಾಡಿಸಿದ್ದು. ನನಗೆ ಇಪ್ಪತ್ತಮೂರಕ್ಕೆ ಗೊತ್ತಾದದ್ದು ಈ ಹುಡುಗಿಗೆ ಹನ್ನೊಂದಕ್ಕೇ ಗೊತ್ತು. ಅದಕ್ಕೆ ಸೊನ್ನೆ.

ಶಾಲೆಗೆ ಹೋಗಿ ಮಾತಾಡಿ ಅಂತ ತಂಗಿ ಗಂಡನಿಗೆ ಹೇಳಿದೆ. "ಭಾವ, ಅರ್ಧ ಮಾರ್ಕಿಗೆ ಯಾಕೆ ಸುಮ್ನೆ" ಅಂದರು.

ಇವತ್ತು ಬೆಳಿಗ್ಗೆ ತಂಗಿ ಅಡುಗೆಮನೆಯಿಂದಲೇ ಕೂಗಿದಳು, ಮೊಸರು ಆಗಿದ್ಯಾ ನೋಡೇ ಅಂತ. ಸೊಸೆ ಪಾತ್ರೆಯ ಮುಚ್ಚಳ ತೆಗೆದಳು. ನನ್ನ ಕಡೆ ಒಮ್ಮೆ ನೋಡಿದಳು.

"ಹೂಂ ಅಮ್ಮ, ಚಂದ ಗುಂಪಾಗಿದೆ."