ಕಿರುಚಬೇಡಿ, ಮುಖ ನೋಡಿ ಮಾತಾಡಿ

ನನಗೀಗ 72. ಮೊನ್ನೆ ಮಗಳ ಜೊತೆ ಡಾಕ್ಟರ ಹತ್ತಿರ ಹೋಗಿದ್ದೆ. ಮಂಡಿನೋವು ನನ್ನದು, ಡಾಕ್ಟರು ಮಾತಾಡಿದ್ದೆಲ್ಲ ಅವಳ ಜೊತೆ. "ಇವರಿಗೆ ರಾತ್ರಿ ನಿದ್ದೆ ಬರುತ್ತಾ?" ಅಂತ ಅವಳನ್ನು ಕೇಳಿದರು. ನಾನು ಅಲ್ಲೇ, ಒಂದು ಮೊಳ ದೂರದಲ್ಲಿ ಕೂತಿದ್ದೆ. ನನ್ನ ನಿದ್ದೆಯ ವಿಷಯ ಮಗಳಿಗೆ ಹೇಗೆ ಗೊತ್ತಿರುತ್ತದೆ? "ಬರುತ್ತೆ, ಆದರೆ ಮೂರು ಗಂಟೆಗೆಲ್ಲ ಎಚ್ಚರ ಆಗುತ್ತೆ" ಅಂತ ನಾನೇ ಹೇಳಿದೆ. ಆಗ ನನ್ನ ಕಡೆ ತಿರುಗಿ, "ಅಜ್ಜೀ, ಮಾತ್ರೆ ಸರಿಯಾಗಿ ತಗೋತೀರಾ?" ಅಂತ ಕಿರುಚಿದರು. ಬಾಗಿಲ ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. ಮುಖ ಎತ್ತಲಾಗಲಿಲ್ಲ ನನಗೆ.

ಕಿರುಚಿದರೆ ಕೇಳುತ್ತದೆ ಅನ್ನುವುದೇ ತಪ್ಪು. ವಯಸ್ಸಾದಂತೆ ಕಿವಿಗೆ ಮೊದಲು ಮಂಕಾಗುವುದು ಕೀರಲು ಸದ್ದು. ಸದ್ದು ಎಷ್ಟು ಕೀರಲು ಅಂತ ಅಳೆಯುವುದು ಹರ್ಟ್ಸ್‌ನಲ್ಲಿ; ಸ, ಶ ಇಂಥ ಅಕ್ಷರಗಳ ಸದ್ದು ಹೆಚ್ಚಾಗಿ 2000 ಹರ್ಟ್ಸ್‌ಗಿಂತ ಮೇಲೇ ಇರುತ್ತದೆ. ಜಾರಿಹೋಗುವುದು ಅವೇ. ಅ, ಆ, ಓ ಎಲ್ಲ ಎಷ್ಟೋ ಚೆನ್ನಾಗಿ ಕೇಳುತ್ತವೆ. ಕೂಗಿದಾಗ ಆ ಸ್ವರಗಳೇ ಜಾಸ್ತಿ ಜೋರಾಗಿ ಉಳಿದದ್ದನ್ನು ಮುಚ್ಚಿಬಿಡುತ್ತವೆ. ಸದ್ದು ಬರುತ್ತದೆ, ಮಾತು ತಿಳಿಯುವುದಿಲ್ಲ. ಎದುರಿಗೆ ಕೂತು, ತುಟಿ ಕಾಣುವ ಹಾಗೆ, ಸ್ವಲ್ಪ ನಿಧಾನವಾಗಿ ಹೇಳಿದರೆ ಸಾಕು. ಅಷ್ಟು ಕಷ್ಟದ ಕೆಲಸ ಅಲ್ಲ ಅಲ್ವಾ?

ಮಗಳ ಮೇಲೂ ಬೇಜಾರಾಯಿತು. "ಅಮ್ಮನ್ನೇ ಕೇಳಿ" ಅನ್ನಬಹುದಿತ್ತು. ವಾಪಸ್ ಬರುವಾಗ ಹೇಳಿದೆ. ಏನೂ ಮಾತಾಡಲಿಲ್ಲ, ಸುಮ್ನೆ ನನ್ನ ಕೈ ಹಿಡಿದುಕೊಂಡಳು.

ಮುಂದಿನ ತಿಂಗಳು ಮತ್ತೆ ಹೋಗಬೇಕು. ಆ ಸಲ ಡಾಕ್ಟರ ಎದುರಿನ ಕುರ್ಚಿಯಲ್ಲಿ ನಾನೇ ಕೂರುತ್ತೇನೆ.